ನಿನ್ನೆಯ ನೀರು

ನಮ್ಮ ಮನೆಯಲ್ಲಿ ನಿನ್ನೆಯ ನೀರನ್ನು ಇಟ್ಟುಕೊಳ್ಳುವ ಪದ್ಧತಿ ಇರಲಿಲ್ಲ. ಬೆಳಕು ಹರಿಯುವ ಮುಂಚೆ ಅವ್ವ ಏಳುತ್ತಿದ್ದಳು. ಕೊಡ, ಬಿಂದಿಗೆ, ತಂಬಿಗೆಗಳನ್ನೆಲ್ಲ ಬರಿದು ಮಾಡಿ, ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಿ, ಸಿಹಿನೀರಿನ ಬಾವಿಯಿಂದ ಹೊಸ ನೀರು ತಂದು ತುಂಬುತ್ತಿದ್ದಳು. ಮೊದಲ ಕೊಡ ಲಿಂಗಪೂಜೆಗೆ, ಎರಡನೆಯದು ಒಲೆಗೆ. ಹಿಂದಿನ ದಿನ ಉಳಿದ ನೀರು ಹಿತ್ತಲಿನ ಮಲ್ಲಿಗೆ ಬಳ್ಳಿಗೆ ಹೋಗುತ್ತಿತ್ತು. ಹುಟ್ಟಿದಾಗಿನಿಂದ ಕಂಡದ್ದು ಇದನ್ನೇ ಆದ್ದರಿಂದ, ಕೊಡದ ತಳದಲ್ಲಿ ಎಲ್ಲಾದರೂ ಹನಿ ಉಳಿಯಿತೇನೋ ಎಂದು ಬಗ್ಗಿ ನೋಡುವ ಚಟ ನನಗೂ ಅಂಟಿತ್ತು. ಈ ಸಂಗತಿ ನಡೆದಾಗ ನನಗೆ ನಲವತ್ತು ದಾಟಿತ್ತು. ಲಿಂಗಸುಗೂರಿನಲ್ಲಿ ಕಿರಾಣಿ ಅಂಗಡಿ. ಬೀಗ ಹಾಕಿ ಮನೆಗೆ ಬಂದವನು ಬೀಗ ಬಿದ್ದಿದೆಯೋ ಇಲ್ಲವೋ ಎಂದು ಮತ್ತೆ ಹೋಗಿ ಎಳೆದು ನೋಡುತ್ತಿದ್ದೆ. ಮೂರನೆಯ ಸಲವೂ ಹೋಗುತ್ತಿದ್ದೆ, ಆದರೆ ಆಗ ಯಾರಿಗೂ ಹೇಳದೆ.

ನಿಜಾಮರ ಆಡಳಿತ ಹೋಗಿ ಐದಾರು ವರ್ಷಗಳಾಗಿದ್ದವು. ಆ ಕಾಲದ ಉರ್ದು ಶಾಲೆಯಲ್ಲಿ ನನ್ನ ಪಕ್ಕ ಕೂತು ಓದಿದ ಗೆಳೆಯನೊಬ್ಬ ಹಟ್ಟಿಯ ಬಂಗಾರದ ಗಣಿಯಲ್ಲಿ ಫಿಟ್ಟರ್ ಆಗಿದ್ದ. ಅವನಿಗೆ ಒಬ್ಬಳೇ ಮಗಳು, ಹತ್ತು ವರ್ಷದವಳು. ಮಸ್ಕಿಯಲ್ಲಿದ್ದ ಅಜ್ಜಿಯ ಮನೆಗೆ ಹೋದಾಗ ಹಳ್ಳದಿಂದ ಕಿರುಬೆರಳುದ್ದದ ಬೆಳ್ಳಿಬಣ್ಣದ ಏಳು ಮೀನುಗಳನ್ನು ಹಿಡಿದು ತಂದಿದ್ದಳು. ಅಪ್ಪ ಅವಳಿಗಾಗಿ ಕಬ್ಬಿಣದ ಪಟ್ಟಿಗೆ ಗಾಜು ಕೂಡಿಸಿ ಒಂದು ಪೆಟ್ಟಿಗೆ ಮಾಡಿಕೊಟ್ಟ. ಐದು ಕೊಡ ನೀರು ಹಿಡಿಯುತ್ತಿತ್ತು. ಎರಡು ವರ್ಷ ಅವಳೇ ನೋಡಿಕೊಂಡಳು. ಆಮೇಲೆ ಮೂರು ದಿನದ ಜ್ವರದಲ್ಲಿ ತೀರಿಕೊಂಡಳು.

ನಲವತ್ತು ದಿನ ಕಳೆದ ಮೇಲೆ ಗೆಳೆಯ ಎತ್ತಿನ ಗಾಡಿಯಲ್ಲಿ ಆ ಪೆಟ್ಟಿಗೆಯನ್ನು ನಮ್ಮ ಮನೆಗೆ ತಂದ. ಅವನ ಹೆಂಡತಿಗೆ ಅದನ್ನು ನೋಡುವುದೂ ಆಗುತ್ತಿರಲಿಲ್ಲ, ಯಾರಿಗಾದರೂ ಕೊಟ್ಟುಬಿಡುವುದೂ ಆಗುತ್ತಿರಲಿಲ್ಲ. ಅವಳು ಸಿಂಧನೂರಿನ ತವರಿಗೆ ಹೊರಟಿದ್ದಳು. ಪೆಟ್ಟಿಗೆಯ ತಳದಲ್ಲಿ ಗೇಣುದ್ದ ನೀರು ಉಳಿಸಿ ಅದರಲ್ಲಿ ಮೀನು ಬಿಟ್ಟಿದ್ದ. ಜೊತೆಗೆ ಅದೇ ಪೆಟ್ಟಿಗೆಯಿಂದ ತೆಗೆದು, ಬಾಯಿಗೆ ಬಟ್ಟೆ ಕಟ್ಟಿದ ಎರಡು ಕೊಡ ನೀರು ಬೇರೆ. ಲಿಂಗಸುಗೂರಿನಲ್ಲಿ ಬಾವಿ ಇಲ್ಲವೆಂದುಕೊಂಡೆಯೇನು ಎಂದು ನಗಿಸಲು ನೋಡಿದೆ. ಅವನು ನಗಲಿಲ್ಲ. ವಾರಕ್ಕೊಮ್ಮೆ ನೀರು ಬದಲಿಸು, ಅವಲಕ್ಕಿ ಪುಡಿ ಹಾಕುವಾಗ ಗಾಜನ್ನು ಬೆರಳಿನಿಂದ ಮೂರು ಸಲ ಬಡಿ, ಬರುತ್ತವೆ ಎಂದ. ಹೊರಡುವಾಗ ಗಾಡಿಯ ಗಾಲಿ ಹಿಡಿದುಕೊಂಡು ನಿಂತು ಹೇಳಿದ:

“ಅಕಿ ತಿರುಗಿ ಬರೂವಾಗ ಮೊದಲು ನಿಮ್ಮ ಮನಿಗೆ ಬರ್ತಾಳಂತ. ಇವನ್ನ ತಗೊಂಡ ಹಟ್ಟಿ ಮನಿ ಹೊಸ್ತಲಾ ದಾಟ್ತೀನಿ, ಇಲ್ಲಂದ್ರ ದಾಟೂದಿಲ್ಲ ಅಂದಾಳ. ಏಳೂ ಇರಬೇಕು ನೋಡಪಾ.”

ಚಿಂತೆಯೇ ಕಸುಬಾದ ಮನುಷ್ಯನಿಗೆ ಇನ್ನೊಬ್ಬರ ಸಂಸಾರವನ್ನು ಗಾಜಿನಲ್ಲಿ ತುಂಬಿ ಕೊಟ್ಟಂತಾಯಿತು.

ಅವ್ವ ಸೆರಗು ಬಿಗಿಹಿಡಿದು ದೂರದಿಂದ ನೋಡಿದಳು. ನಮ್ಮ ಏಳು ತಲೆಮಾರಿನಲ್ಲಿ ಆ ಮನೆಯೊಳಗೆ ಮೀನು ಬಂದದ್ದಿಲ್ಲ. ಓಣಿಯವರು ಏನೆಂದಾರು ಎಂದು ನಾನು ಕೇಳಿದೆ. “ಅಂದ್ರ ಅನ್ಲಿ. ಕೂಸಿನ ಬದುಕದು. ಆದ್ರ ನಮ್ಮ ಮನ್ಯಾಗ ಇರೂತನಕ ಅವು ನಿನ್ನಿ ನೀರಾಗ ಇರಬಾರದು ನೋಡು ತಮ್ಮಾ,” ಎಂದಳು. ದಿನವೂ ಐದು ಕೊಡ ಹೊರುವುದು ಆಗದ ಮಾತು. ಕೊನೆಗೆ ಸೋಮವಾರಕ್ಕೊಮ್ಮೆ ಎಂದು ಒಪ್ಪಿಕೊಂಡಳು.

ಮೊದಲ ಸೋಮವಾರ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಕೆಲಸಕ್ಕೆ ಕೂತೆ. ಗೆಳೆಯ ಕೊಟ್ಟ ರಬ್ಬರ್ ನಳಿಗೆಯ ಒಂದು ತುದಿ ಪೆಟ್ಟಿಗೆಯೊಳಗೆ ಬಿಟ್ಟು ಇನ್ನೊಂದನ್ನು ಬಾಯಲ್ಲಿಟ್ಟು ಎಳೆಯಬೇಕು. ಅಳತೆ ತಪ್ಪಿ ಒಂದು ಗುಟುಕು ಒಳಗೇ ಹೋಯಿತು. ಹಿತ್ತಲಿಗೆ ಹೋಗಿ ಹತ್ತು ಸಲ ಬಾಯಿ ಮುಕ್ಕಳಿಸಿದೆ. ಈ ಸಂಗತಿಯನ್ನು ಇಂದೇ ಮೊದಲು ಹೇಳುತ್ತಿರುವುದು. ಮೀನುಗಳನ್ನು ಬೋಗುಣಿಯಲ್ಲಿಟ್ಟು ಪೆಟ್ಟಿಗೆಯನ್ನು ಪೂರ್ತಿ ಬರಿದು ಮಾಡಿದೆ. ಗೆಳೆಯ ತಂದಿದ್ದ ಎರಡು ಕೊಡಗಳೂ ಹಳೆಯ ನೀರೇ ಅಲ್ಲವೇ, ಅವನ್ನೂ ಚೆಲ್ಲಲು ಅವ್ವನಿಗೆ ಕೊಟ್ಟೆ. ಒಳಗಿನ ಗಾಜಿಗೆ ಹತ್ತಿದ್ದ ತೆಳು ಹಸಿರು ಪಾಚಿಯನ್ನು ಬೂದಿ ಹಚ್ಚಿ ತಿಕ್ಕಿದೆ. ತಳದ ಹರಳುಗಳನ್ನು ಹುಣಸೆಯಲ್ಲಿ ತೊಳೆದೆ. ಅವ್ವ ಆಗತಾನೆ ಬಾವಿಯಿಂದ ತಂದ ತಣ್ಣೀರನ್ನು ಕಂಠದವರೆಗೆ ತುಂಬಿದೆವು. ಪೆಟ್ಟಿಗೆ ಹೊಳೆಯುತ್ತಿತ್ತು. ದೇವರ ಕೋಣೆಯಲ್ಲೂ ಅಷ್ಟು ಶುದ್ಧವಾದದ್ದು ಇರಲಿಲ್ಲ.

ಸಂಜೆಯ ಹೊತ್ತಿಗೆ ಎರಡು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಬಿಸಿಲು ತಗುಲಿತೇನೋ ಎಂದುಕೊಂಡೆ. ದೃಷ್ಟಿಯಾಯಿತೇನೋ ಎಂದುಕೊಂಡೆ. ಬೂದಿ ಉಳಿದಿರಬೇಕು, ಇನ್ನೂ ಚೆನ್ನಾಗಿ ತೊಳೆಯಬೇಕಿತ್ತು ಎಂದು ಕೊನೆಗೆ ನಿಶ್ಚಯಿಸಿ ಗುರುವಾರವೂ ತೊಳೆಯಲು ಶುರುಮಾಡಿದೆ. ಸತ್ತಷ್ಟೂ ತೊಳೆದೆ, ತೊಳೆದಷ್ಟೂ ಸತ್ತವು. ಸುಮ್ಮನೆ ಕೂತು ಚಿಂತೆ ಮಾಡುವವನಿಂದ ಲೋಕಕ್ಕೆ ಹಾನಿಯಿಲ್ಲ. ಅವನು ಎದ್ದು ಕೆಲಸಕ್ಕೆ ಕೈ ಹಾಕಿದಾಗಲೇ ಅಪಾಯ. ಎರಡು ತಿಂಗಳಲ್ಲಿ ಒಂದೇ ಒಂದು ಉಳಿಯಿತು. ಅದೂ ಹೋದೀತೆಂದು ಹೆದರಿ, ಪೆಟ್ಟಿಗೆಯ ತಂಟೆಗೇ ಹೋಗಲಿಲ್ಲ. ಆವಿಯಾಗಿ ಕಡಿಮೆಯಾದಷ್ಟನ್ನು ಒಂದೊಂದು ತಂಬಿಗೆ ಹೊಯ್ದು ಕೈಕಟ್ಟಿ ಕೂತೆ. ನೀರು ಹಸಿರಾಯಿತು, ಗಾಜು ಮಬ್ಬಾಯಿತು, ಮೀನು ಮಾತ್ರ ದಪ್ಪಗಾಯಿತು. ಇದು ದೈವ ಉಳಿಸಿದ ಮೀನು ಎಂದು ನಾನು ತಿಳಿದೆನೇ ಹೊರತು, ನಾನು ಬಿಟ್ಟದ್ದಕ್ಕೆ ಉಳಿದ ಮೀನು ಎಂದು ಹೊಳೆಯಲಿಲ್ಲ.

ಬಕ್ರೀದ್ ಆದ ಮೇಲೆ ಹೆಂಡತಿ ಬರುತ್ತಾಳೆಂದು ಗೆಳೆಯನ ಕಾಗದ ಬಂತು. ನಾನು ಒಂದು ಬೆಳಿಗ್ಗೆ ಹಿತ್ತಾಳೆ ತಂಬಿಗೆ ಹಿಡಿದು ಮಸ್ಕಿಯ ಬಸ್ಸು ಹತ್ತಿದೆ. ಹಳ್ಳದಲ್ಲಿ ಮೊಳಕಾಲುದ್ದ ನೀರಿಗಿಳಿದು, ಧೋತರ ಮೇಲೆ ಸಿಕ್ಕಿಸಿ, ಹೆಗಲ ವಸ್ತ್ರವನ್ನು ಬಲೆಯ ಹಾಗೆ ಹಿಡಿದು ಬಗ್ಗಿದೆ. ನಡುವಯಸ್ಸಿನ ಅಂಗಡಿಕಾರನ ಸೊಂಟಕ್ಕೆ ಅದು ಹೇಳಿಮಾಡಿಸಿದ ಕೆಲಸವಲ್ಲ. ಎರಡು ಸಲ ನೀರಿನಲ್ಲೇ ಕೂತೆ. ದಂಡೆಯ ಮೇಲೆ ಎತ್ತುಗಳಿಗೆ ನೀರು ಕುಡಿಸುತ್ತಿದ್ದ ಅಲ್ಲಿಯ ಒಬ್ಬ ರೈತ ನನ್ನ ಅಂಗಡಿಯ ಹಳೆಯ ಗಿರಾಕಿ. ಬಹಳ ಹೊತ್ತು ನೋಡಿ ಕೇಳಿದ: “ಏನ್ರೀ ಸಾವ್ಕಾರ್ರ, ಕೊರಳಾಗ ಲಿಂಗ ಐತಿ, ಕೈಯಾಗ ಮೀನ ಅದಾವ. ಮನ್ಯಾಗ ಅವ್ವಾರಿಗೆ ಗೊತ್ತೈತೇನ್ರಿ?” ತಿನ್ನಲಿಕ್ಕಲ್ಲ, ಸಾಕಲಿಕ್ಕೆ ಎಂದೆ. ಎಲ್ಲರೂ ಮೊದಲು ಹಾಗೇ ಅನ್ನುತ್ತಾರೆ ಎಂದು ಅವನು ಎತ್ತುಗಳಿಗೆ ಹೇಳಿದ. ಕೊನೆಗೆ ಅವನೇ ಇಳಿದು ಬಂದು ವಸ್ತ್ರದ ಇನ್ನೊಂದು ತುದಿ ಹಿಡಿದ. ಆರು ಸಿಕ್ಕವು. ಬಸ್ಸಿನಲ್ಲಿ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಪ್ರತಿ ಕುಣಿಗೂ ಮುಚ್ಚಳ ಸರಿಸಿ ಎಣಿಸುತ್ತ ಬಂದೆ.

ಅವಳು ಬಂದದ್ದು ಒಂದು ಬುಧವಾರ ಮಧ್ಯಾಹ್ನ. ಗೆಳೆಯ ಹೊರಗಿನ ಕಟ್ಟೆಯ ಮೇಲೆಯೇ ಕೂತ. ಬುರ್ಖಾದ ಮುಸುಕು ಮೇಲೆತ್ತಿದಾಗ ಅವಳ ಮುಖ ನೋಡಿ ನನಗೆ ಗುರುತೇ ಹತ್ತಲಿಲ್ಲ, ಅಷ್ಟು ಇಳಿದುಹೋಗಿದ್ದಳು. ಅವ್ವನಿಗೆ ಕೈಮುಗಿದು ಪೆಟ್ಟಿಗೆಯ ಮುಂದೆ ಕೂತಳು. ಏಳು ಮೀನು. ತುಟಿ ಅಲುಗಿಸಿ ಎಣಿಸಿದಳು. ಎಣಿಸಿದ್ದು ಸರಿಹೋಯಿತು, ಅವಳ ಕಣ್ಣು ತುಂಬಿದವು, ನನಗೆ ಉಸಿರು ಬಂತು.

ಆಮೇಲೆ ಅವಳು ಬೆರಳು ಮಡಿಸಿ ಗಾಜನ್ನು ಮೂರು ಸಲ ಬಡಿದಳು.

ಒಂದು ಮೀನು ನೆಟ್ಟಗೆ ಅವಳ ಬೆರಳಿನ ಕಡೆ ಬಂತು. ಉಳಿದ ಆರು ಬೆದರಿ ಹಿಂದಿನ ಮೂಲೆಗೆ ಓಡಿ ಒಂದರ ಮೇಲೊಂದು ಬಿದ್ದವು.

“ಭಾಯಿ,” ಎಂದಳು. ನನ್ನ ಕಡೆ ತಿರುಗಲಿಲ್ಲ. “ಇವು ಆರು ಎಲ್ಲಿಯವು?”

ಎಂಟು ದಿನದಿಂದ ಸುಳ್ಳು ಕಟ್ಟಿ ಸಿದ್ಧಮಾಡಿಟ್ಟಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಮಸ್ಕಿ ಹಳ್ಳದವು ಎಂದೆ. ಅಲ್ಲಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ: ಸೋಮವಾರ, ಗುರುವಾರ, ಬೂದಿ, ಹುಣಸೆ. ಅವಳು ಕೇಳಿದ್ದು ನೀರಿನ ಸಂಗತಿ ಒಂದೇ.

“ನೀರು ಪೂರಾ ಚೆಲ್ಲಿದ್ರೇನು?”

“ಪೂರಾ.”

“ಆ ಎರಡು ಕೊಡಾನೂ?”

“ಹೂಂ. ಮೊದಲನೇ ಸೋಮವಾರನ.”

ಅವಳು ಗಾಜಿನ ಮೇಲೆ ಕೈಯಿಟ್ಟಳು. ಮೀನಿನ ಮಾತು ಬಿಡಿ, ಅವು ಇವತ್ತಲ್ಲ ನಾಳೆ ಸಾಯುವಂಥವೇ ಎಂದಳು. ಮಗಳು ನೀರನ್ನು ಎಂದೂ ಪೂರ್ತಿ ತೆಗೆಯುತ್ತಿರಲಿಲ್ಲವಂತೆ. ಎರಡು ಕೊಡ ತೆಗೆದು ಎರಡು ಕೊಡ ಹಾಕುತ್ತಿದ್ದಳಂತೆ. ಹಾಕುವ ನೀರನ್ನೂ ಹಿಂದಿನ ದಿನವೇ ತುಂಬಿ ಪಕ್ಕದಲ್ಲಿಟ್ಟು, ಒಳಗಿನಷ್ಟೇ ಬೆಚ್ಚಗಾಗಲು ಬಿಡುತ್ತಿದ್ದಳಂತೆ.

“ಅಕಿ ತುಂಬಿದ ನೀರು ಅದರಾಗ ಇತ್ತು ಭಾಯಿ. ನೀವು ಎಷ್ಟು ಸರ್ತಿ ಬದಲಿ ಮಾಡಿದ್ರೂ ಸ್ವಲ್ಪರ ಉಳೀತಿತ್ತು. ಅದಕ್ಕ ನಿಮ್ಮ ಮನಿಗೆ ಕೊಟ್ಟು ಕಳಿಸಿದ್ದೆ.”

ನಾನು ಅಂಗಡಿಯವನು. ಸೇರು, ಪಾವು, ಅರೆಪಾವು ಅಳೆದೇ ಬದುಕಿದವನು. ಐದರಲ್ಲಿ ಎರಡು ತೆಗೆದು ಎರಡು ಹಾಕುತ್ತ ಹೋದರೆ ಮೊದಲಿನದು ತೀರುವುದೇ ಇಲ್ಲ, ಸಾಸಿವೆಯಷ್ಟಾದರೂ ಉಳಿಯುತ್ತಲೇ ಇರುತ್ತದೆ. ಆ ಲೆಕ್ಕ ನಿಂತ ಕಾಲಲ್ಲೇ ನನ್ನ ತಲೆಯಲ್ಲಿ ಆಯಿತು. ಆಗಬೇಕಾದ ಸೋಮವಾರ ಆಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅವ್ವ ಬಂದು ಅವಳ ಪಕ್ಕ ನೆಲದ ಮೇಲೆ ಕೂತಳು. ಅಲ್ಲಿಯವರೆಗೆ ಪೆಟ್ಟಿಗೆಯ ಹತ್ತಿರ ಅವ್ವ ಕೂತದ್ದೇ ಇಲ್ಲ. ಅವಳ ಭುಜ ಮುಟ್ಟಿ ಹೇಳಿದಳು: “ತಪ್ಪು ನಂದೈತಿ ಯವ್ವಾ. ನಿನ್ನಿ ನೀರು ಬ್ಯಾಡ ಅಂದಾಕಿ ನಾನ. ಆದ್ರ ಬೀದಿಗೆ ಚೆಲ್ಲಿಲ್ಲ. ಬಾ, ತೋರಸ್ತೀನಿ.”

ಹಿತ್ತಲಿಗೆ ಕರೆದುಕೊಂಡು ಹೋಗಿ ಮಲ್ಲಿಗೆ ಬಳ್ಳಿಯ ಬುಡ ತೋರಿಸಿದಳು. ಸತ್ತ ಆರನ್ನೂ ಅಲ್ಲೇ ಮಣ್ಣುಮಾಡಿದ್ದೆವು. ಗೆಳೆಯನ ಹೆಂಡತಿ ಅಲ್ಲಿ ಕುಕ್ಕರಗಾಲಲ್ಲಿ ಕೂತು ಒದ್ದೆ ಮಣ್ಣಿಗೆ ಅಂಗೈ ಒತ್ತಿದಳು. ತವರಿನಲ್ಲೂ ಅಳದವಳು ಎಂದು ಗೆಳೆಯ ಹೇಳಿದ್ದ. ಅವತ್ತು ಅತ್ತಳು. ನಾನು ಒಳಗೆ ಬಂದು, ಮಾಡಲು ಏನೂ ತೋಚದೆ, ಅಂಗಡಿಯ ಬೀಗದ ಕೈ ಹುಡುಕಿದೆ. ಅದು ಕೈಯಲ್ಲೇ ಇತ್ತು.

ಮುಖ ತೊಳೆದು ಬಂದವಳು, ಪೆಟ್ಟಿಗೆಯನ್ನು ಒಯ್ಯುತ್ತೇನೆ ಎಂದಳು. ಏಳನ್ನೂ. ಆ ಒಂದು ಮೀನು ಆ ನೀರಿನಲ್ಲಿ ಇದ್ದದ್ದಲ್ಲವೇ ಎಂದಳು. ಹೊಸ ಆರನ್ನು ನಾನೇ ಇಟ್ಟುಕೊಳ್ಳಲೇ ಎಂದು ಕೇಳಿದೆ. ಅವಳು ತಲೆಯಾಡಿಸಿದಳು. “ಬರ್ಲಿ ಬಿಡ್ರಿ. ಇವೂ ಕಲೀತಾವ.”

ನಳಿಗೆಯಿಂದ ಹಸಿರು ನೀರನ್ನು ಅವಳೇ ಎಳೆದಳು. ಒಂದು ಹನಿಯೂ ಬಾಯಿಗೆ ಹೋಗಲಿಲ್ಲ. ನೀರು ತುಂಬಿಕೊಳ್ಳಲು ಕೊಡ ಕೇಳಿದಾಗ, ಅವ್ವ ದೇವರ ಕೋಣೆಗೆ ಹೋಗಿ ಪೂಜೆಯ ನೀರು ತರುವ ಹಿತ್ತಾಳೆ ಕೊಡವನ್ನು ತಂದು ಮುಂದಿಟ್ಟಳು. ನಾನು ಬಾಯಿ ತೆರೆದೆ. ಅವಳು ನನ್ನನ್ನು ನೋಡಿದ ರೀತಿಗೆ ಮುಚ್ಚಿಕೊಂಡೆ.

ಬಸ್ ನಿಲ್ದಾಣದವರೆಗೆ ಆ ಕೊಡವನ್ನು ಅವ್ವನೇ ಸೊಂಟದ ಮೇಲೆ ಹೊತ್ತಳು. ಬಾಯಿಗೆ ಮಡಿಬಟ್ಟೆ ಕಟ್ಟಿತ್ತು. ಕಂಡಕ್ಟರ್ ಕೊಡ ಮೇಲಿಡಲು ಕೈಚಾಚಿದ. “ತೀರ್ಥದ ನೀರೇನ್ ಬೇ ಯಮ್ಮಾ?” ಎಂದು ಕೇಳಿದ. “ಹೂನಪ್ಪಾ. ಮ್ಯಾಲ ಇಡಬ್ಯಾಡ, ಅಕಿ ತೊಡಿ ಮ್ಯಾಲ ಇರ್ಲಿ,” ಎಂದಳು ಅವ್ವ. ಗೆಳೆಯ ಗಾಜಿನ ಪೆಟ್ಟಿಗೆಯನ್ನು ಮಗುವಿನ ಹಾಗೆ ಅವುಚಿಕೊಂಡು ಕೂತಿದ್ದ. ತಳದ ಗೇಣು ನೀರಿನಲ್ಲಿ ಏಳೂ ಒಂದೇ ಕಡೆ ಗುಂಪಾಗಿದ್ದವು. ಬಸ್ಸು ಹೋದ ಮೇಲೆ, ದಾರಿಯ ಕುಣಿಗಳಲ್ಲಿ ಗಾಜು ಒಡೆದರೆ ಎಂದು ನಾನು ಶುರುಮಾಡಿದೆ. ಸುಮ್ಮನೆ ನಡಿ ಎಂದಳು.

ಎರಡು ವಾರದ ಮೇಲೆ ಅದೇ ಕಂಡಕ್ಟರ್ ನಮ್ಮ ಕೊಡವನ್ನು ಅಂಗಡಿಗೆ ತಂದುಕೊಟ್ಟ. ಕನ್ನಡಿಯ ಹಾಗೆ ಬೆಳಗಿ ಕೊಟ್ಟಿದ್ದರು. ಬಸ್ಸಿಳಿದವಳು ನೆಟ್ಟಗೆ ಮನೆಯೊಳಗೆ ಹೋದಳು ಎಂದು ಗೆಳೆಯ ಹೇಳಿಕಳಿಸಿದ್ದ. ಅದರ ಜೊತೆಗೆ, ಈಗ ಬಡಿದರೆ ಮೂರು ಬರುತ್ತವೆ ಎಂದು ಅವಳೂ ಹೇಳಿಕಳಿಸಿದ್ದಳು.

ನಾನು ಅಂಗಡಿ ಬಿಟ್ಟು ಮನೆಗೆ ಹೋಗಿ ಅವ್ವನಿಗೆ ತಿಳಿಸಿದೆ. ಕೊಡವನ್ನು ಕೈಗೆ ತೆಗೆದುಕೊಂಡು ಒಳಗೆ ಬಗ್ಗಿ ನೋಡಿದಳು. ಆಮೇಲೆ, “ಉಳಿದ ನಾಕೂ ಬರ್ತಾವ ಬಿಡು,” ಎಂದು ಅದನ್ನು ತಿಕ್ಕಲು ಕೂತಳು.