ಹಾಲಿನಾಕಿ ಅಂದೆ

ಅಕ್ಕಾ, ನಿಮ್ಮನ್ನು ಒಳಗೆ ಬಿಡಬೇಡಿ ಎಂದು ಡಾಕ್ಟರು ಹೇಳಿರಲಿಲ್ಲ. ಅದು ನನ್ನ ಸುಳ್ಳು. ಬಾದಾಮಿಯ ನಮ್ಮ ಮನೆಯ ಹೊಸ್ತಿಲಲ್ಲಿ ತಡೆದು, ಎತ್ತಿ ಬೆಳೆಸಿದ ತಮ್ಮನ ಮುಖ ನೋಡಗೊಡದೆ ನಿಮ್ಮನ್ನು ಕಮತಗಿಗೆ ತಿರುಗಿ ಕಳಿಸಿದವಳು ನಾನೇ. ಅದಕ್ಕೆ ಇವತ್ತಿಗೂ ತಲೆ ತಗ್ಗಿಸುವುದಿಲ್ಲ. ತಗ್ಗಿಸಬೇಕಾದದ್ದು ಬೇರೆಯೇ ಇದೆ — ಅದನ್ನೂ ಹೇಳುತ್ತೇನೆ.

ಎಂಬತ್ತರ ದಶಕದ ಮಾತು. ಮುಂಬೈಯಲ್ಲಿ ನಮ್ಮ ಯಜಮಾನರ ಲಿವರಿನ ಕ್ಯಾನ್ಸರ್ ಗಡ್ಡೆ ಕೊಯ್ದು ತೆಗೆದಿದ್ದರು. ಮನೆಗೆ ಬಂದಾಗಲೂ ಬಲಪಕ್ಕೆಯಲ್ಲಿ ಒಂದು ರಬ್ಬರ್ ನಳಿಕೆ ಇತ್ತು, ಒಳಗಿನ ನೀರು ಹೊರಗೆ ಬರಲೆಂದು. ಡಾಕ್ಟರು ಹೇಳಿದ್ದು ಇಷ್ಟೇ: ಕೈ ತೊಳೆಯದೆ ಮುಟ್ಟಬೇಡಿ, ಗಾಯಕ್ಕೆ ಏನೂ ಹಚ್ಚಬೇಡಿ.

ಆದರೆ ನಮ್ಮ ಮಂದಿ ಹಾಗೆ ನೋಡಿ ಹೋಗುವವರಲ್ಲ. ಹಾಸಿಗೆಯ ಮೇಲೆ ಕೂತು, ಮೈ ಸವರಿ, ಬೀರಪ್ಪನ ಭಂಡಾರ ಹಚ್ಚಿದರೇ ಬಂದದ್ದು ಸಾರ್ಥಕ. ನಾನು ಮೊದಮೊದಲು ಎಲ್ಲರಿಗೂ ಚಹಾ ಕೊಟ್ಟು ಒಳಗೆ ಬಿಟ್ಟೆ. ಒಂದು ದಿನ ನಿಮ್ಮ ದೊಡ್ಡಪ್ಪ ಬ್ಯಾಂಡೇಜು ಸರಿಸಿ, ಬೇನೆ ಇದ್ದಲ್ಲೇ ದೇವರು ಮುಟ್ಟಲಿ ಎಂದು, ನಳಿಕೆಯ ಸುತ್ತ ಆ ಅರಿಸಿನದ ಪುಡಿ ಒತ್ತಿದರು. ಅವರ ಹೆಬ್ಬೆರಳಿನ ಉಗುರಿನಲ್ಲಿ ಎರೆಮಣ್ಣು ಕೂತಿತ್ತು. ಕಂಡೆ — ಕಂಡೂ ಬಾಯಿ ತೆರೆಯಲಿಲ್ಲ. ಆಮೇಲೆ ಚಳಿಜ್ವರ, ಕೀವು. ಬಾಗಲಕೋಟೆಯ ಆಸ್ಪತ್ರೆಯಲ್ಲಿ ಗಾಯ ಬಿಚ್ಚಿ ತೊಳೆಯುವಾಗ ಅವರು ನನ್ನ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ, ಬಳೆಗಳು ಒಡೆದು ಚರ್ಮಕ್ಕೆ ನಟ್ಟವು.

ಮನೆಗೆ ಮರಳಿದ ಮೇಲೆ ಯಾರನ್ನೂ ಒಳಗೆ ಬಿಡಲಿಲ್ಲ. "ಡಾಕ್ಟರ ಅಪ್ಪಣೆ" ಎಂದೆ. ಸೊಸೆಯ ಅಪ್ಪಣೆ ಎಂದಿದ್ದರೆ ಯಾರು ಕೇಳುತ್ತಿದ್ದರು?

ಆಗ ನೀವು ಬಂದಿರಿ. ಗುಡಿಯಿಂದ ನೇರವಾಗಿ ಬಸ್ಸು ಹತ್ತಿದ್ದಿರಿ. ಸೆರಗಿನ ಗಂಟಿನಿಂದ ಹಳದಿ ಸೋರಿ ಕುಪ್ಪಸಕ್ಕೆಲ್ಲ ಹತ್ತಿತ್ತು.

"ಮಾರಿ ನೋಡಿ ಹೋಗ್ತೇನಿ, ಸರಿ ಒಂಚೂರು."

"ಡಾಕ್ಟರ್ ಬ್ಯಾಡ ಅಂದಾರ್ರಿ, ಅಕ್ಕಾ."

"ಡಾಕ್ಟರಗಿಂತ ಮೊದಲ ಅವನ್ನ ಟೊಂಕದ ಮ್ಯಾಲ ಹೊತ್ತಾಕಿ ನಾ. ನಿಮ್ಮ ಕಾನ್ವೆಂಟ್ ಸಾಲ್ಯಾಗ ಇದನ್ನ ಕಲಿಸ್ಯಾರೇನು, ಬಂದವರನ್ನ ಹೊರಗ ನಿಂದರ್ಸೂದು?"

ನಾನು ಸರಿಯಲಿಲ್ಲ. "ಇನ್ನ ಈ ಮನಿ ಕಟ್ಟಿ ಸೈತ ಹತ್ತಂಗಿಲ್ಲ, ತಿಳೀತಿಲ್ಲೋ" ಎಂದು ಹೊರಟಿರಿ. ಕೈ ತೊಳೆದು ಬರ್ರಿ, ಭಂಡಾರ ಇಲ್ಲೇ ಇಡ್ರಿ ಎನ್ನಬಹುದಿತ್ತು. ಅನ್ನಲಿಲ್ಲ. ನೀವು ಕೇಳುತ್ತಿರಲಿಲ್ಲ ಎಂದುಕೊಂಡೆ — ಬಹುಶಃ ಕೇಳುತ್ತಿದ್ದಿರಿ.

ಒಳಗಿನಿಂದ ಅವರ ದನಿ: "ಯಾರ ಬಂದಿದ್ರು?"

"ಹಾಲಿನಾಕಿ."

"ಅಕ್ಕ ಅಂತ ಮಾಡಿದ್ದೆ." ಗೋಡೆಯ ಕಡೆ ಮಗ್ಗಲು ಬದಲಿಸಿದರು.

ತಲೆ ತಗ್ಗಿಸಬೇಕಾದದ್ದು ಇದಕ್ಕೆ, ಅಕ್ಕಾ. ಬಾಗಿಲು ಹಾಕಿದ್ದಕ್ಕಲ್ಲ. ಆ ಸಲ ಗಾಯ ಒಣಗಿತು, ನಳಿಕೆ ತೆಗೆದರು. ಮುಂದಿನ ವರ್ಷ ಗಡ್ಡೆ ಮತ್ತೆ ಬೆಳೆದು ಅವರನ್ನು ಒಯ್ಯುವವರೆಗೆ ಅವರು ಅಂಗಳದಲ್ಲಿ ಓಡಾಡಿದರು, ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟರು. ಆ ದಿನಗಳನ್ನು ನಾನು ಗಿಟ್ಟಿಸಿದೆ. ಇಡೀ ಬಳಗ ಎದುರು ನಿಂತರೂ ಮತ್ತೆ ಹಾಗೆಯೇ ಅಡ್ಡ ನಿಲ್ಲುತ್ತೇನೆ. ಆದರೆ ಆ ವರ್ಷವೆಲ್ಲ, ಊಟಕ್ಕೆ ಕೂತಾಗೊಮ್ಮೆ, ಬಸ್ಸಿನ ಸದ್ದು ಕೇಳಿದಾಗೊಮ್ಮೆ — "ಅಕ್ಕಗ ಒಂದ ಸಲನೂ ಬರಬೇಕ ಅನಸಲಿಲ್ಲೇನ?" ಎಂದು ಅವರು ಕೇಳಿದರೆ ನಾನು ಸಾರು ಬಡಿಸುತ್ತಿದ್ದೆ. ಒಂದು ಮಾತು ಸಾಕಿತ್ತು. ಆಡಿದರೆ ಅವರು ನನ್ನನ್ನು ಹೇಗೆ ನೋಡುತ್ತಾರೋ ಎಂಬ ಅಂಜಿಕೆ — ಅಷ್ಟೇ, ಅದಕ್ಕಿಂತ ದೊಡ್ಡ ಕಾರಣವಿಲ್ಲ. ನೀವು ಬರಲೇ ಇಲ್ಲ ಎಂದುಕೊಂಡೇ ಅವರು ಹೋದರು. ಮಣ್ಣಿಗೆ ಬಂದ ನಿಮ್ಮನ್ನು ಮಕ್ಕಳು ದೂರದಿಂದ ನೋಡಿದರು, ಹತ್ತಿರ ಬರಲಿಲ್ಲ. ಇವತ್ತಿಗೂ ಅವರ ಬಾಯಲ್ಲಿ ನೀವು ಕಲ್ಲೆದೆಯ ಅತ್ತಿ.

ಈ ಭಾನುವಾರ ಮಕ್ಕಳಿಬ್ಬರೂ ಊಟಕ್ಕೆ ಬರುತ್ತಾರೆ. ಕೂರಿಸಿ ಹೇಳುತ್ತೇನೆ — ನಿಮ್ಮ ಅತ್ತಿ ಬಂದಿದ್ದಳು, ನಿಮ್ಮ ಅಪ್ಪ ಕೇಳಿದರು, ನಾನು ಸುಳ್ಳು ಹೇಳಿದೆ. ಆಮೇಲೆ ಅವರು ನನ್ನ ಜೊತೆ ಮಾತು ಬಿಟ್ಟರೆ ಬಿಡಲಿ.