ಗೋಡೆಗೆ ಮುಖ ಮಾಡಿ ಉಂಡ ಹುಡುಗಿ

ಆಗ ನನಗೆ ಐವತ್ತೆಂಟು. ಈ ಮಾತಿಗೆ ಏಳು ವರ್ಷವಾಯಿತು. ಆಳಂದದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಿದ್ದೆ. ಕಲಿತದ್ದು ಸಹಿ ಹಾಕುವಷ್ಟು. ಮಕ್ಕಳೆಲ್ಲ ಉಂಡೆದ್ದ ಮೇಲೆ ಒಲೆಯ ಮುಂದೆ ಒಬ್ಬಳೇ ಉಣ್ಣುವುದು ನನ್ನ ರೂಢಿ.

ಆ ವರ್ಷ ನಳದ ಹತ್ತಿರ ದೊಡ್ಡ ಜಗಳವಾಯಿತು. ಜೇವರ್ಗಿ ಕಡೆಯ ನೀಲಮ್ಮ ನೀರಿನ ಚರಿಗೆಯಿಂದ ಮಟಕಿ ಊರಿನ ಭಾಗ್ಯಾಳ ಹಣೆ ಒಡೆದಳು. ಮೊದಲು ನೀಲಮ್ಮಳ ಕೊಡ ಒದ್ದವಳು ಭಾಗ್ಯಾ ಎಂದು ಎಲ್ಲರಿಗೂ ಗೊತ್ತು. ಆದರೆ ಕಾಣುವುದು ರಕ್ತ ಮಾತ್ರ. ಇಬ್ಬರ ಕೋಣೆಯವರೂ ಜುಟ್ಟು ಹಿಡಿದು ಕಾದಾಡಿದರು. ವಾರ್ಡನ್ ಮೇಡಂ ನೀಲಮ್ಮಳಿಂದ ಎಲ್ಲರೆದುರು ತಪ್ಪಾಯಿತೆಂದು ಹೇಳಿಸಿ, "ಮುಗೀತು, ಇನ್ನ ಶಾಂತಿ" ಎಂದರು. ಹುಡುಗಿಯರು ಚಪ್ಪಾಳೆ ತಟ್ಟಿದರು.

ಅಂದಿನಿಂದ ನೀಲಮ್ಮ ಹಿತ್ತಲಲ್ಲಿ ಗೋಡೆಗೆ ಮುಖ ಮಾಡಿ ಉಣ್ಣತೊಡಗಿದಳು. ಯಾರೂ ಕರೆಯಲಿಲ್ಲ. ಕಡೆಗೆ ಅಪ್ಪನಿಗೆ ಫೋನ್ ಮಾಡಿದಳು: "ಸಾಲಿ ಸಾಕು, ಬಂದು ಕರಕೊಂಡ್ ಹೋಗು."

ಅಪ್ಪ ಬರುವ ಹಿಂದಿನ ಸಂಜೆ ಭಾಗ್ಯಾ ಒಲೆಯ ಹತ್ತಿರ ಕೂತು ಸ್ಪರ್ಧೆಗೆ ಪ್ರಬಂಧ ಬರೆಯುತ್ತಿದ್ದಳು. ವಿಷಯ, ಮೊದಲ ಮಹಾಯುದ್ಧದ ನಂತರದ ಶಾಂತಿ. ಇಡೀ ಪ್ರಬಂಧವನ್ನು ಹೊರುವ ಒಂದು ವಾಕ್ಯ ಮೊದಲೇ ಬೇಕಂತೆ. ಅದಕ್ಕೆ ಥೀಸಿಸ್ ಎನ್ನುತ್ತಾರೆಂದು ಅವಳೇ ಹೇಳಿದಳು. ಅದರಲ್ಲಿ ವಿಷಯ ತಿಳಿಸುವುದು ಒಂದು ಬಗೆ, ಬಿಡಿಸಿ ತೋರಿಸುವುದು ಇನ್ನೊಂದು, ಪಕ್ಷ ಹಿಡಿದು ವಾದಿಸುವುದು ಮತ್ತೊಂದು.

"ನಾ ವಾದದ್ದು ಬರದೇನಿ, ಕೇಳ್ರಿ ಆಯಿ," ಎಂದು ಓದಿದಳು: "ಸೋತವರ ತಲೆ ತಗ್ಗಿಸಿ ಮಾಡಿದ ಸಂಧಿ ಮುಂದಿನ ಯುದ್ಧದ ಬೀಜ."

"ಚಲೋ ಅದ. ಹಿತ್ತಲಕ್ಕ ಹೋಗಿ ನೀಲಮ್ಮಗ ಓದಿ ಹೇಳಿ ಬಾ."

"ಆಕಿ ನನ್ನ ಹಣಿ ಒಡದಾಳ್ರಿ!"

"ಆ ಸೋತ ದೇಶದವ್ರು ಯುದ್ಧದಾಗ ಹೂವು ಒಗದಿದ್ರೇನ್ ಬೇ?"

ಭಾಗ್ಯಾ ಮೋರೆ ಊದಿಸಿಕೊಂಡು ಎದ್ದು ಹೋದಳು. ಆದರೆ ಆ ರಾತ್ರಿ ಪ್ರಾರ್ಥನೆ ಮುಗಿದಾಗ ಎಲ್ಲರೆದುರು ಎದ್ದು ನಿಂತು, "ಕೊಡ ಮೊದಲ ಒದ್ದಾಕಿ ನಾನು," ಎಂದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನೀಲಮ್ಮ ಆ ಕಡೆ ನೋಡಲೂ ಇಲ್ಲ. ಹೋಗಿ ಟ್ರಂಕಿಗೆ ಬೀಗ ಹಾಕಿದಳು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಜಗಳ ಬಿಡಿಸಲು ನೂರು ಜನ ಬರುತ್ತಾರೆ, ಸೋತವಳ ಪಕ್ಕ ಉಣ್ಣಲು ಒಬ್ಬರೂ ಬರುವುದಿಲ್ಲ.

ಮರುದಿನ ಬೆಳಿಗ್ಗೆ ನನ್ನ ತಾಟನ್ನೂ ಮಕ್ಕಳು ಉಣ್ಣುವ ಸಾಲಿಗೆ ಒಯ್ದೆ. ನೀಲಮ್ಮಳ ರಟ್ಟೆ ಹಿಡಿದು ಪಕ್ಕಕ್ಕೆ ಕೂಡಿಸಿದೆ. ನನ್ನ ಇನ್ನೊಂದು ಪಕ್ಕಕ್ಕೆ ಭಾಗ್ಯಾ ತಾನೇ ಬಂದು ಕೂತಳು. ಸ್ವಲ್ಪ ಹೊತ್ತಿಗೆ ನೀಲಮ್ಮ ನನಗೆ, "ಶೇಂಗಾ ಹಿಂಡಿ ಆಕಿ ಕಡಿ ಸರಸ್ರಿ," ಎಂದಳು. ಆ ಚಟ್ನಿಪುಡಿಯ ಬಟ್ಟಲು ಸರಿಸಿದೆ.

ನೀಲಮ್ಮಳ ಅಪ್ಪ ಬಂದು ಟ್ರಂಕಿಗೆ ಕೈ ಹಾಕಿದರು.

"ಪರೀಕ್ಷಾ ಮುಗಿದ ಮ್ಯಾಲ ಬರ್ತೇನಿ, ಅಪ್ಪಾ," ಎಂದಳು ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ.

ನಾನು ಎದ್ದು ಅವರಿಗೂ ಒಂದು ತಾಟು ಹಾಕಿದೆ.