ಕುರುಗೋಡಿನ ಎರಡು ರೇಡಿಯೊ ಸ್ಫೋಟಗಳು

ಅಕ್ಕನ ಆಂಟೆನಾ ಬಗ್ಗೆ ಪತ್ರಿಕೆಯಲ್ಲಿ ಬರೆದವನು ನಾನೇ. ಪರಿಶೀಲಿಸದೆ ಬರೆದೆ.

ಅವಳು ಬಳ್ಳಾರಿಯ ಕಾಲೇಜೊಂದರಲ್ಲಿ ಭೌತವಿಜ್ಞಾನದ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕಾದ ಕೆಲಸ. ಕುರುಗೋಡಿನ ಹೊರಗೆ, ನಮ್ಮ ಅತ್ತೆಯ ಹೊಲದ ಮನೆಯ ಮಾಳಿಗೆ ಮೇಲೆ ಆಂಟೆನಾ ನಿಲ್ಲಿಸಿದ್ದಳು. ಆಕಾಶದಿಂದ ಬಂದು, ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲಿನಷ್ಟು ಹೊತ್ತಿನಲ್ಲಿ ಮುಗಿದುಹೋಗುವ ರೇಡಿಯೊ ಸ್ಫೋಟಗಳನ್ನು ಹುಡುಕುತ್ತಿದ್ದಳು. ನಮ್ಮ ಗೆಲಾಕ್ಸಿಯಲ್ಲೇ ತೀರಾ ಪ್ರಖರವಾದದ್ದು ಸಿಡಿದರೆ ಇಷ್ಟು ಚಿಕ್ಕ ಆಂಟೆನಾಕ್ಕೂ ಸಿಗುತ್ತದೆ ಎನ್ನುತ್ತಿದ್ದಳು.

ಎರಡು ವರ್ಷ ಏನೂ ಸಿಗಲಿಲ್ಲ. ಆಮೇಲೆ ಒಂದೇ ವಾರದಲ್ಲಿ ಎರಡು. ಸಂಶೋಧನಾ ಕೇಂದ್ರವೊಂದು ದತ್ತಾಂಶ ಕೇಳಿತು. ಅವು ನಿಜವೆಂದಾದರೆ ತಮ್ಮ ಯೋಜನೆಯಲ್ಲಿ ಕೆಲಸ ಕೊಡುತ್ತೇವೆಂದಿತು. ನಾನು ಫೋಟೊ ಸಮೇತ ಸುದ್ದಿ ಮಾಡಿದೆ.

ಮೂರನೇ ದಿನ ಪತ್ರಿಕೆಯ ಕಚೇರಿಯಲ್ಲಿ ವಿದ್ಯುತ್ ವ್ಯತ್ಯಯದ ಪ್ರಕಟಣೆ ಟೈಪ್ ಮಾಡುವಾಗ ಅನುಮಾನ ಬಂತು. ಹಿಂದಿನ ವಾರದ ಪ್ರಕಟಣೆ ತೆಗೆದೆ. ಆ ಎರಡೂ ದಿನ ದುರಸ್ತಿಗೆಂದು ಕುರುಗೋಡು ಭಾಗದಲ್ಲಿ ಕರೆಂಟ್ ತೆಗೆದಿದ್ದರು. ಮರಳಿ ಕೊಡುವ ಹೊತ್ತೂ ಅಕ್ಕನ ಯಂತ್ರಕ್ಕೆ ಸ್ಫೋಟ ಸಿಕ್ಕ ಹೊತ್ತೂ ಹೆಚ್ಚುಕಡಿಮೆ ಒಂದೇ. ಯಂತ್ರ ಬ್ಯಾಟರಿಯಲ್ಲಿ ನಡೆಯುತ್ತಿತ್ತು, ಅವಳು ಬಳ್ಳಾರಿಯಲ್ಲಿ ಪಾಠ ಮಾಡುತ್ತಿದ್ದಳು; ಕರೆಂಟ್ ಹೋಗಿ ಬಂದದ್ದು ಅವಳಿಗೆ ತಿಳಿದಿರಲಿಲ್ಲ.

ಪಕ್ಕದ ಹೊಲದವರನ್ನು ಕೇಳಿದೆ.

"ಎಲ್ರದೂ ಆಟೊ ಸ್ಟಾರ್ಟರ್ ಐತ್ರಿ. ಕರೆಂಟ್ ಬಂತಂದ್ರ ಅಷ್ಟೂ ಪಂಪ್‌ಸೆಟ್ ತಾವ ಏಳತಾವು."

ಅಕ್ಕನಿಗೆ ಹೇಳಿದೆ. ಮೋಟರು ಶುರುವಾಗುವಾಗಿನ ಕಿಡಿಯಿಂದಲೂ ರೇಡಿಯೊ ಅಲೆ ಹೊಮ್ಮುತ್ತದೆಂದು ಅವಳಿಗೆ ಗೊತ್ತಿತ್ತು.

"ಲೇ, ಸುದ್ದಿ ಹಾಕೂಕಿಂತ ಮೊದ್ಲು ನಿನ್ನ ಪೇಪರ್ ನೀನ ಓದಬಾರ್ದೇನು?"

ಮುಂದಿನ ಸಲ ಕರೆಂಟ್ ತೆಗೆದ ದಿನ ಇಬ್ಬರೂ ಯಂತ್ರದ ಮುಂದೆ ಕೂತೆವು. ಮಧ್ಯಾಹ್ನ ಕರೆಂಟ್ ಬಂತು. ಸುತ್ತಲಿನ ಹೊಲಗಳಲ್ಲಿ ಮೋಟರುಗಳು ಎದ್ದವು. ಪರದೆಯ ಮೇಲೆ ಆ ಎರಡು ದಿನ ಮೂಡಿದ್ದಂಥದ್ದೇ ಗೆರೆ ಮೂಡಿತು.

"ಯಾರಿಗೆ ಗೊತ್ತಾಗತೈತಿ? ಸುಮ್ನ ಇರವ್ವ," ಅಂದಳು ಅತ್ತೆ.

"ನಂಗ ಗೊತ್ತಾತಲ್ಲ, ಅತ್ತಿ."

ಅದು ಪಂಪ್‌ಸೆಟ್ಟುಗಳದ್ದೆಂದು ಅಕ್ಕ ಅಲ್ಲೇ ಕೂತು ಕೇಂದ್ರಕ್ಕೆ ಬರೆದಳು. ಮಾಹಿತಿಗೆ ಧನ್ಯವಾದ ಎಂದು ಉತ್ತರ ಬಂತು. ಕೆಲಸದ ಮಾತಿರಲಿಲ್ಲ. ನಮ್ಮ ಪತ್ರಿಕೆ ಒಳಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿತು.

ಆ ವರ್ಷ ಬಳ್ಳಾರಿಯ ಕಾಲೇಜು ಅವಳನ್ನು ಮತ್ತೆ ಕರೆಯಲಿಲ್ಲ. ಸಿರುಗುಪ್ಪದ ಕಾಲೇಜೊಂದಕ್ಕೆ ಅರ್ಜಿ ಹಾಕಿದಳು. ಸಂದರ್ಶನದಲ್ಲಿ ಒಬ್ಬರು, "ಪೇಪರಿನ್ಯಾಗ ಬಂದಿದ್ರಲ್ಲ, ನೀವ ಏನ್ರಿ?" ಎಂದು ಕೇಳಿದರಂತೆ. ಹೌದು, ಅದು ತಪ್ಪಾಗಿತ್ತು ಎಂದಳಂತೆ. ತಪ್ಪು ಹೇಗೆ ಗೊತ್ತಾಯಿತೆಂದು ಅವರು ಕೇಳಲಿಲ್ಲ. ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ.